ದೊಡ್ಡ ಹೆಜ್ಜೆಯ ಬೆನ್ನು ಹತ್ತಿ

ಅಮೆರಿಕದ ಪಶ್ಚಿಮ ತುದಿಯ ವಾಷಿಂಗ್ಟನ್, ಒರೆಗಾನ್ ರಾಜ್ಯಗಳ ಕಾಡಿನಲ್ಲಿ ಬೇಸಿಗೆಯ ಶನಿವಾರ ರಾತ್ರಿ ಯಾರೋ ದಪ್ಪ ದೊಣ್ಣೆಯಿಂದ ಮರದ ಬೊಡ್ಡೆಗೆ ಮೂರು ಸಲ ಬಾರಿಸಿದ್ದು ಕೇಳಿದರೆ ಗಾಬರಿಯಾಗಬೇಕಿಲ್ಲ. ಅವರು ಮರಗಳ್ಳರಲ್ಲ. ಬಾರಿಸಿದ ಮೇಲೆ ಉಸಿರು ಬಿಗಿಹಿಡಿದು ನಿಂತು, ಕತ್ತಲೆಯ ಆಚೆ ಬದಿಯಿಂದ ಉತ್ತರ ಬಂದೀತೇ ಎಂದು ಕಿವಿಗೊಟ್ಟು ಕಾಯುವ ಜನ. ಉತ್ತರ ಕೊಡಬೇಕಾದ ಪ್ರಾಣಿಯ ಹೆಸರು ಬಿಗ್‌ಫುಟ್. ಏಳೆಂಟು ಅಡಿ ಎತ್ತರ, ಮೈತುಂಬ ಕೂದಲು, ಮನುಷ್ಯನಂತೆ ಎರಡೇ ಕಾಲಿನ ನಡಿಗೆ. ಇಂಥದೊಂದು ಪ್ರಾಣಿ ಇದೆಯೆಂದು ಯಾವ ಪ್ರಾಣಿಶಾಸ್ತ್ರದ ಪಠ್ಯವೂ ಒಪ್ಪಿಲ್ಲ. ಆದರೆ ಅದನ್ನು ಹುಡುಕುವ ಹವ್ಯಾಸಿ ತಂಡಗಳು ಮಾತ್ರ ಊರೂರಿಗೂ ಇವೆ. ವಾರವಿಡೀ ಲಾರಿ ಓಡಿಸುವವರು, ಅಂಗಡಿ ನಡೆಸುವವರು, ಆಸ್ಪತ್ರೆಯಲ್ಲಿ ಪಾಳಿ ಮುಗಿಸಿದವರು ವಾರದ ಕೊನೆಗೆ ಡೇರೆ, ಕ್ಯಾಮೆರಾ, ಪ್ಲಾಸ್ಟರ್ ಪುಡಿಯ ಚೀಲ ಹೊತ್ತು ಕಾಡು ಸೇರುತ್ತಾರೆ.

ಶಿವಮೊಗ್ಗ ಜಿಲ್ಲೆಯ ಪ್ರೌಢಶಾಲೆಯೊಂದರಲ್ಲಿ 31 ವರ್ಷ ವಿಜ್ಞಾನ ಕಲಿಸಿ ನಿವೃತ್ತನಾದ ನನಗೆ ಇಂಥ ಜನರ ಸಹವಾಸ ಒದಗಿದ್ದು ಮೊಮ್ಮಗನ ದೆಸೆಯಿಂದ. 2018ರ ಬೇಸಿಗೆಯಲ್ಲಿ ಮೂರು ತಿಂಗಳು ಮಗಳ ಮನೆಯಲ್ಲಿದ್ದೆ. ಅವಳಿರುವುದು ವಾಷಿಂಗ್ಟನ್ ರಾಜ್ಯದ ವ್ಯಾಂಕೂವರ್ ಎಂಬ ಊರಿನಲ್ಲಿ. ಕೆನಡಾದ ವ್ಯಾಂಕೂವರ್ ಬೇರೆ, ಇದು ಬೇರೆ. ಕೊಲಂಬಿಯಾ ನದಿ ದಾಟಿದರೆ ಒರೆಗಾನಿನ ಪೋರ್ಟ್‌ಲೆಂಡ್ ನಗರ. ಮೊಮ್ಮಗನಿಗೆ ಆಗ 12 ವರ್ಷ. ಪಕ್ಕದ ಮನೆಯ ನಿವೃತ್ತ ಲಾರಿ ಚಾಲಕರೊಬ್ಬರು ಅಂಥದೊಂದು ತಂಡದ ಹಿರಿಯ ಸದಸ್ಯರು. ಅವರ ಗರಾಜಿನಲ್ಲಿ ಸಾಲಾಗಿ ಇಟ್ಟಿದ್ದ ಹೆಜ್ಜೆ ಅಚ್ಚುಗಳನ್ನು ನೋಡಿದ್ದೇ ತಡ, ಹುಡುಗನಿಗೆ ಹುಚ್ಚು ಹತ್ತಿತು. ಗಣಿತದ ನೋಟ್‌ಬುಕ್ಕಿನ ಹಿಂದಿನ ಪುಟಗಳ ತುಂಬ ಪಾದಗಳ ಚಿತ್ರ. ಗಣಿತದ ಅಂಕ ಮಾತ್ರ ಪಾದ ಮುಟ್ಟಿತ್ತು.

"ಅಪ್ಪ, ನೀವಾದರೂ ಒಂದು ಮಾತು ಹೇಳಿ. ಅಂಥದ್ದೆಲ್ಲ ಇಲ್ಲ ಅಂತ ನೀವು ಹೇಳಿದರೆ ನಂಬುತ್ತಾನೆ" ಎಂದಳು ಮಗಳು. ಅಳಿಯನದು ಇನ್ನೂ ಖಡಾಖಂಡಿತ: "ಬೇಡ ಅಂದರೆ ಬೇಡ ಮಾವ. ಇದೂ ಒಂದು ಮೂಢನಂಬಿಕೆಯೇ ತಾನೆ?"

ಮಾತೇನೋ ಸರಿಯೇ. ಆದರೆ ಮೂರು ದಶಕ ಮಕ್ಕಳ ಮುಂದೆ ನಿಂತವನಿಗೆ ಒಂದು ವಿಷಯ ಗೊತ್ತಿರುತ್ತದೆ. "ಇಲ್ಲ" ಎಂದು ಬಾಯಿಮಾತಿಗೆ ಹೇಳಿದ್ದನ್ನು ಹುಡುಗ ನಂಬಿದರೆ ಅದು ಅವನು ಅಜ್ಜನ ಮೇಲೆ ಇಟ್ಟ ನಂಬಿಕೆಯೇ ಹೊರತು ವಿಜ್ಞಾನವಲ್ಲ. ನಾಳೆ ಇನ್ನೊಬ್ಬ "ಇದೆ" ಎಂದರೆ ಅದನ್ನೂ ಹಾಗೆಯೇ ನಂಬುತ್ತಾನೆ. "ಮೊದಲು ಇಬ್ಬರೂ ಕೂತು ಈ ಪ್ರಾಣಿಯ ಪುರಾಣ ಏನೆಂದು ನೋಡುತ್ತೇವೆ" ಎಂದು ಮಗಳಿಗೆ ಹೇಳಿ ಮೊಮ್ಮಗನೊಂದಿಗೆ ಊರಿನ ಗ್ರಂಥಾಲಯಕ್ಕೆ ಹೊರಟೆ.

ಪುರಾಣ ಸ್ವಾರಸ್ಯವಾಗಿಯೇ ಇದೆ. ಕೆನಡಾದ ಬ್ರಿಟಿಷ್ ಕೊಲಂಬಿಯಾದ ಮೂಲನಿವಾಸಿಗಳಲ್ಲಿ ಕಾಡಿನ ದೈತ್ಯನ ಕಥೆಗಳು ಬಹಳ ಹಿಂದಿನಿಂದ ಇದ್ದವು. 1920ರ ದಶಕದಲ್ಲಿ ಅವರ ನಡುವೆ ಮೇಷ್ಟ್ರಾಗಿದ್ದ ಜೆ. ಡಬ್ಲ್ಯು. ಬರ್ನ್ಸ್ ಎಂಬಾತ ಆ ಕಥೆಗಳನ್ನು ಪತ್ರಿಕೆಗಳಿಗೆ ಬರೆದು, ಅವರ ನುಡಿಯ ಒಂದು ಪದವನ್ನು ಇಂಗ್ಲಿಷಿನ ನಾಲಿಗೆಗೆ ಹೊಂದಿಸಿ 'ಸಾಸ್‌ಕ್ವಾಚ್' ಎಂದು ಕರೆದ. ಮೇಷ್ಟ್ರುಗಳು ಏನೆಲ್ಲ ಶುರುಮಾಡಿಬಿಡುತ್ತಾರೆ ನೋಡಿ! 'ಬಿಗ್‌ಫುಟ್' ಎಂಬ ಹೆಸರು ಬಂದದ್ದು 1958ರಲ್ಲಿ. ಉತ್ತರ ಕ್ಯಾಲಿಫೋರ್ನಿಯಾದ ಬ್ಲಫ್ ಕ್ರೀಕ್ ಎಂಬಲ್ಲಿ ಕಾಡಿನ ರಸ್ತೆ ಕಡಿಯುತ್ತಿದ್ದ ಬುಲ್ಡೋಜರ್ ಚಾಲಕ ಜೆರ್ರಿ ಕ್ರೂ, ತನ್ನ ಯಂತ್ರದ ಸುತ್ತ 16 ಅಂಗುಲದ ಹೆಜ್ಜೆಗಳನ್ನು ಕಂಡು ಅಚ್ಚು ತೆಗೆದ. ಅಚ್ಚು ಹಿಡಿದು ನಿಂತ ಅವನ ಚಿತ್ರ ಸ್ಥಳೀಯ 'ಹಂಬೋಲ್ಟ್ ಟೈಮ್ಸ್' ಪತ್ರಿಕೆಯಲ್ಲಿ ಅಚ್ಚಾಯಿತು. ಮುಂದೆ ದೇಶವೆಲ್ಲ ಸುದ್ದಿ. ಆ ರಸ್ತೆಯ ಕಂಟ್ರಾಕ್ಟರ್ ರೇ ವ್ಯಾಲೆಸ್ ಮಹಾ ತಮಾಷೆಯ ಆಸಾಮಿ. 2002ರಲ್ಲಿ ಅವನು ತೀರಿಕೊಂಡಾಗ ಮನೆಯವರು ಮರದಲ್ಲಿ ಕೆತ್ತಿದ ಒಂದು ಜೊತೆ ದೊಡ್ಡ ಪಾದಗಳನ್ನು ಹೊರತೆಗೆದು, "ಇದೆಲ್ಲ ನಮ್ಮಪ್ಪನದೇ ಕಿತಾಪತಿ" ಎಂಬರ್ಥದಲ್ಲಿ ಹೇಳಿಕೆ ಕೊಟ್ಟರು.

ಅದೇ ಬ್ಲಫ್ ಕ್ರೀಕಿನಲ್ಲಿ 1967ರ ಅಕ್ಟೋಬರ್ 20ರಂದು ರೋಜರ್ ಪ್ಯಾಟರ್ಸನ್ ಮತ್ತು ಬಾಬ್ ಗಿಮ್ಲಿನ್ ಎಂಬಿಬ್ಬರು ಒಂದು ನಿಮಿಷಕ್ಕೂ ಕಡಿಮೆ ಅವಧಿಯ ಫಿಲ್ಮ್ ತೆಗೆದರು. ಕಪ್ಪು ಕೂದಲಿನ ಆಕೃತಿಯೊಂದು ದಾಪುಗಾಲು ಹಾಕುತ್ತ, ಒಮ್ಮೆ ಹಿಂದಿರುಗಿ ನೋಡುತ್ತ ಹೋಗುವ ದೃಶ್ಯ. ಅದು ವೇಷ ಹಾಕಿದ ಮನುಷ್ಯ ಎನ್ನುವವರೂ ಅಲ್ಲವೆನ್ನುವವರೂ ಅರ್ಧ ಶತಮಾನದಿಂದ ಕಾದಾಡುತ್ತಿದ್ದಾರೆ. ವೇಷದೊಳಗಿದ್ದವನು ನಾನೇ ಎಂದು ಒಬ್ಬ ಹೇಳಿಕೊಂಡದ್ದೂ ಆಯಿತು. ಮೊಮ್ಮಗ ಆ ಫಿಲ್ಮನ್ನು ನಲವತ್ತು ಸಲವಾದರೂ ನೋಡಿದ್ದ.

"ಅಜ್ಜ, ಗೊರಿಲ್ಲಾನೂ ಮೊದಲು ಕಟ್ಟುಕಥೆ ಅಂತಿದ್ರಂತೆ. ಬೆಟ್ಟದ ಗೊರಿಲ್ಲಾ ವಿಜ್ಞಾನಿಗಳಿಗೆ ಗೊತ್ತಾಗಿದ್ದೇ 1902ರಲ್ಲಿ" ಎಂದ. ಪಕ್ಕದ ಮನೆಯ ಹಿರಿಯರು ಕಲಿಸಿದ ಪಾಠ. ಇದು ಸುಳ್ಳೂ ಅಲ್ಲ.

"ಹೇಗೆ ಗೊತ್ತಾಯಿತು?" ಎಂದೆ.

ಹುಡುಕಿ ಓದಿದ. ಜರ್ಮನ್ ಸೇನಾಧಿಕಾರಿ ಫಾನ್ ಬೆರಿಂಗೆ ಎಂಬಾತ ಗುಂಡಿಕ್ಕಿ ಕೊಂದು ಒಂದರ ಅವಶೇಷ ಕಳಿಸಿದ್ದರಿಂದ. ಹುಡುಗನ ಮುಖ ಸಪ್ಪಗಾಯಿತು. "ಹಾಗಾದರೆ ಇದೆ ಅಂತ ತೋರಿಸೋದಕ್ಕೆ ಕೊಲ್ಲಲೇಬೇಕಾ?"

ಈ ಪ್ರಶ್ನೆ ಹುಡುಗನದು ಮಾತ್ರವಲ್ಲ. ಬಿಗ್‌ಫುಟ್ ಬಳಗವೇ ಇದರಿಂದ ಎರಡು ಹೋಳಾಗಿದೆ. ವಾಷಿಂಗ್ಟನ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಮಾನವಶಾಸ್ತ್ರ ಕಲಿಸುತ್ತಿದ್ದ ಗ್ರೋವರ್ ಕ್ರಾಂಟ್ಸ್, ಈ ಪ್ರಾಣಿಯನ್ನು ಗಂಭೀರವಾಗಿ ತೆಗೆದುಕೊಂಡ ಬೆರಳೆಣಿಕೆಯ ವಿದ್ವಾಂಸರಲ್ಲೊಬ್ಬರು. ಒಂದನ್ನು ಹೊಡೆದು ತಂದು ತೋರಿಸದ ಹೊರತು ಯಾರೂ ನಂಬುವುದಿಲ್ಲ ಎಂಬುದೇ ಅವರ ವಾದ. (ದೇಹದ ಸಾಕ್ಷ್ಯದ ಬಗ್ಗೆ ಮಾತಾಡಿದವರು ತಮ್ಮ ದೇಹದ ವಿಷಯದಲ್ಲೂ ಮಾತು ತಪ್ಪಲಿಲ್ಲ. 2002ರಲ್ಲಿ ತೀರಿಕೊಂಡ ಮೇಲೆ ಅವರ ಇಚ್ಛೆಯಂತೆ ಅಸ್ಥಿಪಂಜರ ಸ್ಮಿತ್‌ಸೋನಿಯನ್ ಸಂಸ್ಥೆಗೆ ಸೇರಿತು. ಅವರ ಮುದ್ದಿನ ನಾಯಿಯ ಎಲುಬುಗಳ ಜೊತೆಗೇ.) ಇನ್ನೊಂದು ಪಕ್ಷ ಕೊಲ್ಲುವ ಮಾತೆತ್ತಿದರೆ ಕೆಂಡವಾಗುತ್ತದೆ. ಕಾಯಿದೆಯೂ ಅವರ ಕಡೆಗಿದೆ! ವ್ಯಾಂಕೂವರಿನ ಪೂರ್ವಕ್ಕಿರುವ ಸ್ಕಮೇನಿಯಾ ಕೌಂಟಿ 1969ರ ಏಪ್ರಿಲ್ 1ರಂದು ಒಂದು ಶಾಸನ ಮಾಡಿತು. ಬಿಗ್‌ಫುಟ್ ಕೊಂದವರಿಗೆ 10,000 ಡಾಲರ್ ದಂಡ, ಐದು ವರ್ಷ ಸಜೆ. ತಾರೀಖು ನೋಡಿ ನಗಬೇಡಿ. ಕೋವಿ ಹಿಡಿದು ಕಾಡು ನುಗ್ಗುವವರು ಕತ್ತಲೆಯಲ್ಲಿ ಒಬ್ಬರನ್ನೊಬ್ಬರು ಹೊಡೆದುಕೊಂಡಾರು ಎಂಬ ನಿಜವಾದ ಭಯ ಅದರ ಹಿಂದಿತ್ತು. 1984ರಲ್ಲಿ ಶಿಕ್ಷೆ ಇಳಿಸಿದರೂ ಶಾಸನವನ್ನು ಕೈಬಿಡಲಿಲ್ಲ.

ಆ ಹೊತ್ತಿಗೆ ನನಗೆ ನೆನಪಾದದ್ದು ನಮ್ಮ ಮೈಸೂರು. ಅಲ್ಲಿನ ನೇಚರ್ ಕನ್ಸರ್ವೇಶನ್ ಫೌಂಡೇಶನ್‌ನ ವಿಜ್ಞಾನಿಗಳು ಅರುಣಾಚಲ ಪ್ರದೇಶದ ತವಾಂಗ್, ಪಶ್ಚಿಮ ಕಮೆಂಗ್ ಜಿಲ್ಲೆಗಳ ಎತ್ತರದ ಬೆಟ್ಟಗಳಲ್ಲಿ ವಿಜ್ಞಾನಕ್ಕೆ ಅಪರಿಚಿತವಾದ ಒಂದು ದಢೂತಿ ಕೋತಿಯನ್ನು ಗುರುತಿಸಿದ ಸುದ್ದಿ 2004ರಲ್ಲಿ ಹೊರಬಿತ್ತು. ಮರುವರ್ಷ ವಿಜ್ಞಾನ ಪತ್ರಿಕೆಯಲ್ಲಿ ಅದರ ವಿವರ 'ಮಕಾಕಾ ಮುಂಜಾಲಾ' ಎಂಬ ಹೆಸರಿನಲ್ಲಿ ಪ್ರಕಟವಾಯಿತು. ಮುಂಜಾಲಾ ಎಂದರೆ ಅಲ್ಲಿನ ಮೊನ್ಪಾ ಜನರ ಮಾತಿನಲ್ಲಿ ದಟ್ಟ ಕಾಡಿನ ಕೋತಿ. ಅವರಿಗೆ ಅದೇನೂ ಹೊಸದಲ್ಲ. ಬೆಳೆ ತಿನ್ನುವ ಕಾಟದ ಕೋತಿ ಅಷ್ಟೆ. ಆ ಕುಲದ ಕೋತಿಗಳಲ್ಲಿ ಹೊಸ ಜಾತಿಯೊಂದು ಸಿಕ್ಕಿ ನೂರು ವರ್ಷವೇ ಆಗಿತ್ತು. ಗುಂಡು ಹಾರಿಸಲಿಲ್ಲ. ಫೋಟೋ ತೆಗೆದರು, ಮೈಬಣ್ಣ, ಬಾಲದ ಉದ್ದ, ಮುಖದ ಗುರುತುಗಳನ್ನು ಹತ್ತಿರದ ಜಾತಿಗಳ ಜೊತೆ ಹೋಲಿಸಿ ಬರೆದರು. ಇದನ್ನು ಹೇಳಿದಾಗ ಮೊಮ್ಮಗನ ಕಣ್ಣು ಅರಳಿತು.

"ಅಂದರೆ ದೊಡ್ಡ ಕೋತಿ ಇನ್ನೂ ಸಿಗಬಹುದು ಅಂತಾಯ್ತಲ್ಲ?"

"ಸಿಗಬಹುದು. ಆದರೆ ಒಂದು ವಿಷಯ ಗಮನಿಸು. ಆ ಕೋತಿಯನ್ನು ಹುಡುಕಿ ಹೋದವರಿಗೆ ಕೋತಿಯೇ ಕಂಡಿತು. ಹಿಂಡು ಹಿಂಡಾಗಿ ಕಂಡಿತು, ಮತ್ತೆ ಹೋದಾಗಲೂ ಕಂಡಿತು. ನಿಮ್ಮ ಪ್ರಾಣಿ ಅರವತ್ತು ವರ್ಷದಿಂದ ಬರೀ ಪಾದ ತೋರಿಸುತ್ತಿದೆ."

ಹುಡುಗ ಸುಮ್ಮನಾದನೆಂದುಕೊಂಡಿರೋ, ಇಲ್ಲ. "ಹೋಗಿ ನೋಡದೆ ಹೇಗೆ ಹೇಳ್ತೀಯ ಅಜ್ಜ?" ಎಂದ. ಇದಕ್ಕೆ ಎದುರು ಮಾತು ನನ್ನಲ್ಲಿರಲಿಲ್ಲ. ಮನೆಯವರು ಜೊತೆಗಿದ್ದರೆ ಮಾತ್ರ ಮಕ್ಕಳನ್ನು ಸೇರಿಸಿಕೊಳ್ಳುವುದು ತಂಡದ ನಿಯಮ. ಅಳಿಯ ಮುಖ ಗಂಟಿಕ್ಕಿದರೂ, ಬೀಜಗಣಿತದ ಎರಡು ಅಧ್ಯಾಯ ಮುಗಿಸಿದ ಮೇಲೆ ಎಂಬ ಕರಾರಿನ ಮೇಲೆ ಒಪ್ಪಿದ. ಹುಡುಗ ನಾಲ್ಕೇ ದಿನದಲ್ಲಿ ಮುಗಿಸಿದ್ದು ಕಂಡು ಮಗಳಿಗೆ ಸಂತೋಷಕ್ಕಿಂತ ಸಿಟ್ಟೇ ಹೆಚ್ಚು ಬಂತು.

ಆಗಸ್ಟ್ ನಾಲ್ಕನೆಯ ಶುಕ್ರವಾರ ಹೊರಟದ್ದು ಗಿಫರ್ಡ್ ಪಿಂಚೋ ರಾಷ್ಟ್ರೀಯ ಅರಣ್ಯಕ್ಕೆ. 1980ರಲ್ಲಿ ಸಿಡಿದ ಸೇಂಟ್ ಹೆಲೆನ್ಸ್ ಜ್ವಾಲಾಮುಖಿ ಇರುವುದು ಇದೇ ಸೀಮೆಯಲ್ಲಿ. ಆ ಬೆಟ್ಟದ ಬದಿಯ ಕಣಿವೆಯೊಂದರಲ್ಲಿ 1924ರಲ್ಲಿ ಗಣಿ ಹುಡುಕಲು ಹೋದವರು, ವಾನರ ಮನುಷ್ಯರು ರಾತ್ರಿಯಿಡೀ ನಮ್ಮ ಗುಡಿಸಲಿಗೆ ಕಲ್ಲು ಹೊಡೆದರೆಂದು ಹೇಳಿ ಆ ಕಣಿವೆಗೆ 'ಏಪ್ ಕ್ಯಾನಿಯನ್' ಎಂಬ ಹೆಸರು ಬಂತು. ಕಾಡು ನಮ್ಮ ಮಲೆನಾಡಿನಂತಲ್ಲ. ಗೊಂಚಲು ಬಳ್ಳಿಗಳಿಲ್ಲ, ಜೀರುಂಡೆಯ ಗದ್ದಲವಿಲ್ಲ. ಕಂಬದಂತೆ ನೆಟ್ಟಗೆ ಏರಿದ ಡಗ್ಲಸ್ ಫರ್ ಮರಗಳು, ನೆಲದ ಮೇಲೆ ಹಾಸುಗಂಬಳಿಯಂಥ ಪಾಚಿ. ಆ ಮೌನದಲ್ಲಿ ಸಣ್ಣ ಕಡ್ಡಿ ಮುರಿದರೂ ಯಾರೋ ಬಂದರೆನಿಸುತ್ತದೆ.

ತಂಡದಲ್ಲಿ ಒಂಬತ್ತು ಜನ. ನಮ್ಮ ಲಾರಿ ಹಿರಿಯರು, ಒಬ್ಬ ನರ್ಸ್, ಮರ ಕಡಿಯುವ ಕಂಪನಿಯಿಂದ ನಿವೃತ್ತನಾದವ, ಶಾಲೆಯ ಬಸ್ಸಿನ ಚಾಲಕಿ, ಅಂಗಡಿಯ ಗಂಡ ಹೆಂಡತಿ, ಹೀಗೆ. ತೇಜಸ್ವಿಯವರ 'ಕರ್ವಾಲೊ' ಓದಿದವರಿಗೆ ಹಾರುವ ಓತಿಯ ಬೆನ್ನು ಹತ್ತಿದ ಆ ವಿಚಿತ್ರ ಪರಿವಾರ ನೆನಪಿರಬಹುದಲ್ಲ, ಹೆಚ್ಚುಕಡಿಮೆ ಅಂಥದೇ. ಇವರಲ್ಲಿ ಕರ್ವಾಲೊ ಮಾತ್ರ ಇರಲಿಲ್ಲ. ಆದರೆ ಇವರ ಶಿಸ್ತು ನೋಡಿ ನನಗೆ ನಮ್ಮ ಶಾಲೆಯ ಪ್ರಯೋಗಶಾಲೆಯ ಬಗ್ಗೆ ನಾಚಿಕೆಯಾಯಿತು. ಹೆಜ್ಜೆ ಕಂಡರೆ ಮೊದಲು ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು ಫೋಟೋ. ಆಮೇಲೆ ಉದ್ದ, ಅಗಲ, ಆಳ, ಮುಂದಿನ ಹೆಜ್ಜೆಗೆ ಇರುವ ಅಂತರ. ಮಣ್ಣು ಒದ್ದೆಯೋ ಒಣಗಿದೆಯೋ, ಮಳೆ ಬಂದು ಎಷ್ಟು ದಿನವಾಯಿತು, ಎಲ್ಲಕ್ಕೂ ಮುದ್ರಿತ ನಮೂನೆ. ಅದರ ನಂತರವೇ ಪ್ಲಾಸ್ಟರ್ ಕಲಸಿ ಹೊಯ್ಯುವುದು. ಮರಗಳಿಗೆ ಕಟ್ಟಿದ ಕ್ಯಾಮೆರಾಗಳು ಎದುರಿಗೆ ಏನಾದರೂ ಚಲಿಸಿದರೆ ತಾವೇ ಚಿತ್ರ ತೆಗೆಯುತ್ತವೆ. ನಾಗರಹೊಳೆಯಲ್ಲಿ ಡಾ. ಉಲ್ಲಾಸ ಕಾರಂತರು ಹುಲಿ ಎಣಿಸಲು ತೊಂಬತ್ತರ ದಶಕದಲ್ಲೇ ಬಳಸಿದ ಉಪಾಯವೇ ಇದು.

ಕಂಡೆ, ಕೇಳಿದೆ ಎನ್ನುವವರ ಮಾತನ್ನು ಜರಡಿ ಹಿಡಿಯುವ ಕ್ರಮವೂ ಇದೆ. 1995ರಲ್ಲಿ ಮ್ಯಾಟ್ ಮನಿಮೇಕರ್ ಎಂಬುವರು ಕಟ್ಟಿದ ಬಿಗ್‌ಫುಟ್ ಫೀಲ್ಡ್ ರಿಸರ್ಚರ್ಸ್ ಆರ್ಗನೈಸೇಶನ್ ದೇಶದ ತಂಡಗಳಲ್ಲೆಲ್ಲ ಹೆಸರಾದದ್ದು. ಇವರು ವರದಿಗಳನ್ನು ಎ, ಬಿ, ಸಿ ಎಂದು ವಿಂಗಡಿಸುತ್ತಾರೆ. ಸ್ಪಷ್ಟವಾಗಿ ಕಂಡದ್ದು ಎ. ದೂರದಿಂದ, ಮಬ್ಬಿನಲ್ಲಿ ಕಂಡದ್ದು ಅಥವಾ ಬರೀ ಕೇಳಿಸಿದ್ದು ಬಿ. ಅವರಿಂದ ಇವರಿಗೆ ಬಂದ ಕಥೆ ಸಿ. ಕೇಳಲು ಚೆನ್ನಾಗಿದೆ. ಆದರೆ ಸ್ಪಷ್ಟವಾಗಿ ಕಂಡೆ ಎಂದವನು ಕಂಡದ್ದು ಏನನ್ನು ಎಂದು ಈ ಜರಡಿ ಹೇಳಲಾರದು. ಮಾತಿನಿಂದ ಮಾತನ್ನು ಅಳೆದ ಹಾಗಾಯಿತು.

ಆ ರಾತ್ರಿ ಮರ ಬಡಿಯುವ ಕೆಲಸ ಮೊಮ್ಮಗನಿಗೆ ಸಿಕ್ಕಿತು. ಮೂರು ಪೆಟ್ಟು. ಹತ್ತು ನಿಮಿಷ ಯಾರೂ ಮಿಸುಕಲಿಲ್ಲ. ಉತ್ತರ ಬರಲಿಲ್ಲ. ಆಮೇಲೆ ಬೆಂಕಿಯ ಮುಂದೆ ಕಾಫಿ ಕುಡಿಯುತ್ತ ಹಿರಿಯರು ತಮ್ಮದೇ ಹಳೆಯ ಕಥೆ ಹೇಳಿದರು. ಒಂದು ವರ್ಷ ಇವರು ಬಡಿದಾಗಲೆಲ್ಲ ಗುಡ್ಡದಾಚೆಯಿಂದ ಉತ್ತರ ಬರುತ್ತಿತ್ತಂತೆ. ಎರಡು ರಾತ್ರಿ ನಿದ್ದೆಯಿಲ್ಲದೆ ಸಂಭ್ರಮಪಟ್ಟರು. ಮೂರನೆಯ ದಿನ ಪೆಟ್ರೋಲ್ ಬಂಕಿನಲ್ಲಿ ಇನ್ನೊಂದು ಜಿಲ್ಲೆಯ ತಂಡ ಸಿಕ್ಕಿತು. ಅವರೂ ಎರಡು ರಾತ್ರಿ ನಿದ್ದೆ ಮಾಡಿರಲಿಲ್ಲ! ಎಲ್ಲರೂ ಹೊಟ್ಟೆ ಹಿಡಿದು ನಕ್ಕರು. ತಮ್ಮನ್ನು ತಾವೇ ಇಷ್ಟು ನಕ್ಕುಕೊಳ್ಳಬಲ್ಲವರನ್ನು ಮೂಢರೆಂದು ಕರೆಯಲು ನನಗೆ ಮನಸ್ಸು ಬರಲಿಲ್ಲ.

ನರ್ಸ್ ಮಾತ್ರ ನಗಲಿಲ್ಲ. ಅವರ ತಂದೆ ಮರ ಸಾಗಿಸುವ ಲಾರಿಯಲ್ಲಿ ಹೋಗುವಾಗ ರಸ್ತೆಗಡ್ಡವಾಗಿ ಅದನ್ನು ಕಂಡರಂತೆ. ಊರಲ್ಲಿ ಹೇಳಿ ನಗೆಪಾಟಲಾದರು. ಕುಡುಕನೆಂದರು, ಹುಚ್ಚನೆಂದರು. ಸಾಯುವವರೆಗೂ ಮತ್ತೆ ಆ ಮಾತು ಎತ್ತಲಿಲ್ಲವಂತೆ. "ಅಪ್ಪ ಸುಳ್ಳು ಹೇಳುವವರಲ್ಲ" ಎಂದರು ಆಕೆ. ಅಷ್ಟೇ ಹೇಳಿ ಬೆಂಕಿಗೆ ಕಟ್ಟಿಗೆ ಒಟ್ಟಿದರು. ಹನ್ನೊಂದು ವರ್ಷದಿಂದ ಒಂದು ಬೇಸಿಗೆಯೂ ತಪ್ಪಿಸದೆ ಬರುತ್ತಿರುವವರು ಅವರೊಬ್ಬರೇ.

ಮರುದಿನ, ಅಂದರೆ ಆಗಸ್ಟ್ 25ರ ಬೆಳಿಗ್ಗೆ, ತೊರೆಯ ಬದಿಯ ಕೆಸರಿನಲ್ಲಿ ಹೆಜ್ಜೆ ಸಿಕ್ಕಿತು. ಕಂಡದ್ದು ಅವರಿಗೇ. ಹದಿಮೂರು ಅಂಗುಲ ಉದ್ದ, ಐದು ಬೆರಳು. ಅಂಗಡಿಯಾತ ಆಕೆಯನ್ನು ಅಪ್ಪಿಕೊಂಡ. ಪ್ಲಾಸ್ಟರ್ ಹೊಯ್ದು ಗಟ್ಟಿಯಾಗಲು ಕಾದು ಎತ್ತಿ, ಮಣ್ಣು ತೊಳೆದು ಬಂಡೆಯ ಮೇಲಿಟ್ಟರು. ಎಲ್ಲರೂ ಸುತ್ತ ನೆರೆದರು. ಮೊಮ್ಮಗ ಬೂದುಗಾಜು ಹಿಡಿದು ಬಹಳ ಹೊತ್ತು ನೋಡಿದ. ಆಮೇಲೆ ನನ್ನ ತೋಳು ಹಿಡಿದೆಳೆದು ಕನ್ನಡದಲ್ಲಿ ಪಿಸುಗುಟ್ಟಿದ. "ಅಜ್ಜ, ಇದು ಕರಡಿ. ದಪ್ಪ ಬೆರಳು ಹೊರಗಡೆ ಇದೆ. ನಮ್ಮ ಹೆಬ್ಬೆರಳು ಒಳಗಡೆ ಇರುತ್ತಲ್ಲ. ಮಧ್ಯದಲ್ಲಿ ಉಗುರಿನ ಚುಕ್ಕೆನೂ ಇದೆ ನೋಡು. ಎರಡು ಹೆಜ್ಜೆ ಒಂದರ ಮೇಲೊಂದು ಬಿದ್ದಿದೆ."

ನೋಡಿದೆ. ಸರಿಯಾಗಿತ್ತು. ಕರಡಿ ನಡೆಯುವಾಗ ಮುಂಗಾಲಿಟ್ಟ ಜಾಗದ ಮೇಲೆ ಹಿಂಗಾಲು ಅರ್ಧ ಬಿದ್ದರೆ ಒಂದೇ ಉದ್ದನೆಯ ಪಾದದಂತೆ ಕಾಣುತ್ತದೆ. ಆ ದಿನಗಳಲ್ಲಿ ಆ ಗುಡ್ಡಗಳಲ್ಲಿ ಹಕಲ್‌ಬೆರಿ ಎಂಬ ಹಣ್ಣು ಬಲಿಯುವ ಕಾಲ, ಕರಡಿಗಳು ಅದನ್ನು ಹುಡುಕಿಕೊಂಡು ಬರುತ್ತವೆ. "ಹೇಳ್ಲಾ?" ಎಂದ ಹುಡುಗ. ಹಿರಿಯರ ಮುಂದೆ ಎದುರಾಡಬಾರದೆಂದು ಬೆಳೆಸಿದ ಮನೆ ನಮ್ಮದು. ಆಕೆಯ ಮುಖ ನೋಡಿದರೆ ಬಾಯಿ ಬರುವಂತಿರಲಿಲ್ಲ. "ನಿನಗೆ ಕಂಡದ್ದನ್ನು ನಿಧಾನವಾಗಿ ಹೇಳು" ಎಂದೆ.

ಹೇಳಿದ. ಕೈ ನಡುಗುತ್ತಿತ್ತು. ಮರದ ಕಂಪನಿಯಾತ ಇಲ್ಲವೆಂದು ತಲೆಯಾಡಿಸಿದ. ಅಂಗಡಿಯಾತ ಬೇರೇನೋ ವಿವರಣೆ ಕೊಡಲು ಹೋದ. ಹಿರಿಯರು ಮಾತ್ರ ಬೂದುಗಾಜು ಈಸಿಕೊಂಡು ಮೊಣಕಾಲೂರಿ ಕೂತು ನೋಡಿದರು. ಎದ್ದು, ನಮೂನೆಯಲ್ಲಿ ಬರೆದಿದ್ದ ಪದಕ್ಕೆ ಗೀಟು ಹಾಕಿ 'ಕಪ್ಪು ಕರಡಿ' ಎಂದು ಬರೆದರು. ನರ್ಸ್ ಏನೂ ಆಡದೆ ಡೇರೆಯ ಕಡೆ ನಡೆದರು. ಮಧ್ಯಾಹ್ನದ ತನಕ ಹೊರಗೆ ಬರಲಿಲ್ಲ.

ಹಿಂದಿರುಗುವಾಗ ಕಾರಿನಲ್ಲಿ ಹುಡುಗ ಕೇಳಿದ: "ನಾನು ಸುಮ್ಮನಿರಬೇಕಿತ್ತಾ ಅಜ್ಜ?" ಇಲ್ಲವೆಂದೆ. "ಮತ್ತೆ ಅವರಪ್ಪ ಸುಳ್ಳು ಹೇಳಿದ್ದಾ?" ಸುಳ್ಳು ಹೇಳುವುದಕ್ಕೂ, ಕಂಡದ್ದನ್ನು ಇನ್ನೇನೋ ಎಂದು ತಿಳಿಯುವುದಕ್ಕೂ ಇರುವ ಅಂತರವನ್ನು ಹನ್ನೆರಡು ವರ್ಷದವನಿಗೆ ಹೇಳುವುದು ಸುಲಭವಲ್ಲ. ಕರಡಿಯೂ ಎರಡು ಕಾಲಿನ ಮೇಲೆ ಎದ್ದು ನಿಲ್ಲುತ್ತದೆ, ಲಾರಿಯ ದೀಪದ ಬೆಳಕಿನಲ್ಲಿ ಒಂದು ಕ್ಷಣ ಅದನ್ನು ಕಂಡವನ ಎದೆ ಝಲ್ಲೆಂದದ್ದು ಸುಳ್ಳಲ್ಲ ಎಂದೆ. ಒಪ್ಪಿದನೋ ಇಲ್ಲವೋ, ಕಿಟಕಿಯಾಚೆ ನೋಡುತ್ತ ಕೂತ.

ಪ್ರಯೋಗಶಾಲೆಗಳ ಕಥೆಯೂ ಆ ಕೆಸರಿನ ಹೆಜ್ಜೆಯಂತೆಯೇ ಇದೆ. ಪೀಟರ್ ಬರ್ನ್ ಎಂಬ ಹಳೆಯ ಶೋಧಕ 1976ರಲ್ಲಿ ಒಂದಿಷ್ಟು ಕೂದಲನ್ನು ಎಫ್‌ಬಿಐಗೇ ಕಳಿಸಿದ್ದರು. ಅವರು ಪರೀಕ್ಷಿಸಿ ಮರುವರ್ಷ ಜಿಂಕೆ ಜಾತಿಯದೆಂದು ಉತ್ತರಿಸಿದರು. ಆ ಕಡತ ಬಹಿರಂಗವಾದದ್ದು 2019ರಲ್ಲಿ. ಆಕ್ಸ್‌ಫರ್ಡಿನ ಬ್ರಯಾನ್ ಸೈಕ್ಸ್ ಎಂಬ ವಂಶವಾಹಿ ತಜ್ಞರು ಬಿಗ್‌ಫುಟ್, ಯೇತಿ ಎಂದು ಜನ ಕಾಪಾಡಿಟ್ಟಿದ್ದ ಕೂದಲುಗಳನ್ನು ಕಳಿಸಿರೆಂದು ಜಗತ್ತಿಗೆಲ್ಲ ಕರೆ ಕೊಟ್ಟರು. 2014ರಲ್ಲಿ ಪ್ರಕಟವಾದ ಅವರ ಪ್ರಬಂಧದಲ್ಲಿ ಡಿಎನ್‌ಎ ಸಿಕ್ಕ 30 ಮಾದರಿಗಳ ಫಲಿತಾಂಶವಿದೆ: ಕರಡಿ, ಕುದುರೆ, ದನ, ಮುಳ್ಳುಹಂದಿ, ನಾಯಿ ಕುಲದ ಪ್ರಾಣಿ, ಒಂದಂತೂ ಮನುಷ್ಯನದೇ. ಹಿಮಾಲಯದ ಯೇತಿಯೂ ಇದೇ ಹಾದಿ ಹಿಡಿದಿದೆ. ಯೇತಿಯದೆಂದು ನಂಬಿದ್ದ ಒಂಬತ್ತು ಅವಶೇಷಗಳಲ್ಲಿ ಎಂಟು ಕರಡಿಯವು, ಒಂದು ನಾಯಿಯದು ಎಂದು 2017ರ ಅಧ್ಯಯನವೊಂದು ತೋರಿಸಿತು. ಹಾಗಿದ್ದೂ 2019ರಲ್ಲಿ ನಮ್ಮ ಭಾರತೀಯ ಸೇನೆಯೇ ಮಕಾಲು ಶಿಬಿರದ ಬಳಿ 32 ಅಂಗುಲದ ಯೇತಿ ಹೆಜ್ಜೆ ಕಂಡಿತೆಂದು ಚಿತ್ರ ಪ್ರಕಟಿಸಿತ್ತು. ಆ ದಿನ ಮೊಮ್ಮಗ ಅಲ್ಲಿಂದ ಫೋನು ಮಾಡಿದ್ದ. "ಅಜ್ಜ, ಪಕ್ಕದಲ್ಲಿ ಕರಡಿ ಹೆಜ್ಜೆನೂ ಹುಡುಕಿದರಾ ಅಂತ ಕೇಳು!" ಸೇನೆಗೆ ನಾನು ಕೇಳುವುದೆಲ್ಲಿಂದ ಬಂತು!

ಈಗ ಅವನು ಕಾಲೇಜು ಸೇರಿದ್ದಾನೆ. ಬೇಸಿಗೆಯಲ್ಲಿ ಇವತ್ತಿಗೂ ತಂಡದ ಜೊತೆ ಹೋಗುತ್ತಾನೆ. ಬಿಗ್‌ಫುಟ್ ಇದೆಯೆಂದು ನಂಬಿ ಅಲ್ಲ. ಕ್ಯಾಮೆರಾಗಳಲ್ಲಿ ಬಂದ ಕರಡಿಗಳ ಲೆಕ್ಕ ಇಡಲು ಬೇರೆ ಯಾರಿಗೂ ತಾಳ್ಮೆಯಿಲ್ಲವಂತೆ. ನರ್ಸ್ ಮರುವರ್ಷವೇ ಬಂದರಂತೆ, ಅವನಿಗಾಗಿ ಕೇಕು ಮಾಡಿಕೊಂಡು. ಅಪ್ಪನ ಮಾತು ಇಬ್ಬರೂ ಎತ್ತಲಿಲ್ಲವಂತೆ.

2018ರಲ್ಲಿ ಊರಿಗೆ ಹೊರಡುವ ಹಿಂದಿನ ದಿನ, ಹೇಳಿ ಹೋಗೋಣವೆಂದು ಮಗಳು ಮಾಡಿದ ಹೋಳಿಗೆ ಹಿಡಿದು ಲಾರಿ ಹಿರಿಯರ ಮನೆಗೆ ಹೋಗಿದ್ದೆ. ಗರಾಜಿನ ಸಾಲಿನಲ್ಲಿ ನಮ್ಮ ಅಚ್ಚೂ ಇತ್ತು. ಕೆಳಗೆ ಮೊಮ್ಮಗನ ಕೈಬರಹದ ಚೀಟಿ: 'ಕರಡಿ, ಮುಂಗಾಲಿನ ಮೇಲೆ ಹಿಂಗಾಲು, 25 ಆಗಸ್ಟ್ 2018.' ಅದರ ಪಕ್ಕದ್ದಕ್ಕೂ, ಅದರಾಚೆಯದಕ್ಕೂ ಅವನೇ ಹೊಸ ಚೀಟಿ ಅಂಟಿಸಿದ್ದ. ತುದಿಯ ಮೇಲಿನ ಅರೆಯಲ್ಲಿ ಬಟ್ಟೆ ಮುಚ್ಚಿದ ಒಂದು ಅಚ್ಚು ಮಾತ್ರ ಚೀಟಿಯಿಲ್ಲದೆ ಇತ್ತು. ಅದೇನೆಂದು ಕೇಳಿದೆ. ಹಿರಿಯರು ಬಾಗಿಲ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿ ಹೇಳಿದರು:

"ಅದನ್ನು ನಿಮ್ಮ ಮೊಮ್ಮಗನಿಗೆ ಇನ್ನೂ ತೋರಿಸಿಲ್ಲ."